ಗಂಟು ಕಟ್ಟದ ಬೇರು

ಸುಶೀಲವ್ವನ ಸೋಯಾ ಹೊಲ ಹಳದಿಗೆ ತಿರುಗಿದೆ ಎಂದು ಊರಲ್ಲಿ ಡಂಗುರ ಹೊಡೆಯುವ ಅಗತ್ಯವೇ ಬೀಳಲಿಲ್ಲ. ಹೊಲ ಇದ್ದದ್ದೇ ರಸ್ತೆಯ ಬಾಜೂಕ. ಹುಬ್ಬಳ್ಳಿ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತವರಿಗೆ ಬಮ್ಮಿಗಟ್ಟಿ ದಾಟಿದ ಮೇಲೆ ಮೊದಲು ಕಾಣುವುದು ಅದೇ. ಅತ್ತ ನಂದಾಳ ಹೊಲ, ಇತ್ತ ಮಾಬುಸಾಬನ ಹೊಲ, ಎರಡರಲ್ಲೂ ಕಣ್ಣು ತಣಿಯುವಂಥ ಹಸಿರು. ನಡುವೆ ಇದೊಂದು, ಕಾಮಣಿ ಹಿಡಿದವರ ಮುಖದ ಹಾಗೆ. ಸುಶೀಲವ್ವನ ಗಂಡ ಶಂಭುಲಿಂಗಪ್ಪ ಚಹಾದಂಗಡಿಗೆ ಹೋಗುವುದನ್ನೇ ಬಿಟ್ಟಿದ್ದ. ಹೋದರೆ ಸಾಕು, "ಏನ್ ಕಾಕಾ, ಸೋಯಾ ಬಿತ್ತೀರೋ ಅರಿಷಿಣ ಬಿತ್ತೀರೋ?" ಎಂದು ಒಬ್ಬನಾದರೂ ಕಾಲೆಳೆಯುತ್ತಿದ್ದ.

ಆ ಭಾಗದ ಹೊಲಗಳಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ಭತ್ತ, ಈಚೆಗೆ ಗೋವಿನಜೋಳ. ಸೋಯಾ ಈ ವರ್ಷ ಹೊಸದು. ಹೆಣ್ಣುಮಕ್ಕಳ ಸಂಘದವರು ಮಾತಾಡಿಕೊಂಡು ಹಾಕಿದ್ದು. ಸೋಯಾದ ಬೇರಿಗೆ ಒಂದು ಜಾತಿಯ ಸೂಕ್ಷ್ಮಜೀವಿ ಬೇಕು. ಒಂದೇ ಒಂದು ಕೋಶದ ಜೀವ, ಕಣ್ಣಿಗೆ ಕಾಣುವಂಥದಲ್ಲ. ಬೇರಿನಲ್ಲಿ ಗಂಟು ಕಟ್ಟಿಕೊಂಡು ಒಳಗೆ ಕೂತು, ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣ್ಣಿಸುವುದು ಅದರ ಕೆಲಸ. ಹೊಸ ಹೊಲದ ಮಣ್ಣಿನಲ್ಲಿ ಅದು ಇರುವುದಿಲ್ಲ. ಹಾಗಾಗಿ ಪಾಕೀಟಿನಲ್ಲಿ ತಂದು, ಬೆಲ್ಲದ ನೀರಿನಲ್ಲಿ ಕಲಸಿ, ಬಿತ್ತುವ ಮುಂಚೆ ಬೀಜಕ್ಕೆ ಸವರಬೇಕು. ಇದನ್ನೆಲ್ಲ ಸಂಘದವರಿಗೆ ಹೇಳಿಕೊಟ್ಟವಳು ಕೆಳಗಿನ ಓಣಿಯ ಉಡಚಪ್ಪನ ಮಗಳು ರಾಜೇಶ್ವರಿ.

ರಾಜೇಶ್ವರಿ ಸಂಘದ ಕೃಷಿ ಸಖಿ. ಹೊಲಹೊಲಕ್ಕೆ ಹೋಗಿ ಬೀಜ, ಗೊಬ್ಬರ, ರೋಗ ಎಲ್ಲದರ ಬಗ್ಗೆ ಹೇಳಿಕೊಡುವ ಕೆಲಸ. ವಿಜ್ಞಾನ ಓದಿ, ಧಾರವಾಡದಲ್ಲಿ ತರಬೇತಿ ಮುಗಿಸಿ ಬಂದ ಹುಡುಗಿ. ಈ ಕೆಲಸ ಸಿಕ್ಕ ದಿನ ಉಡಚಪ್ಪ ಓಣಿಗೆಲ್ಲ ಸಕ್ಕರೆ ಹಂಚಿದ್ದ. ಕೂಲಿಗೆ ಕರೆಯಲು ಮಾತ್ರ ಆ ಓಣಿಗೆ ಬರುತ್ತಿದ್ದ ಮಂದಿ ಈಗ "ರಾಜಿ, ನಮ್ಮ ಹೊಲಕ್ಕೊಮ್ಮಿ ಬಾರವಾ" ಎಂದು ಅವನ ಬಾಗಿಲಿಗೆ ಬರುತ್ತಿದ್ದರು. ಅಪ್ಪನಿಗೆ ಅದಕ್ಕಿಂತ ದೊಡ್ಡದು ಏನಿದ್ದೀತು?

ಈಗ ಆ ಕೆಲಸಕ್ಕೇ ಸಂಚಕಾರ ಬಂದಿತ್ತು. ಸಂಘದ ಅಧ್ಯಕ್ಷೆ ನಂದಾ ಅಂದರೆ ಬಾಯಿ ಬಿಗಿ ಹಿಡಿಯುವ ಪೈಕಿ ಅಲ್ಲ. ನೀರಿಗೆ ನಿಂತಲ್ಲಿ, ಗಿರಣಿಗೆ ಹೋದಲ್ಲಿ ಒಂದೇ ಮಾತು ಆಡಿಕೊಂಡು ಬಂದಳು: "ಪಾಕೀಟು ಒಂದ, ಬೆಲ್ಲ ಒಂದ. ನಾವೆಲ್ಲಾ ಸಾಲಿ ಅಂಗಳದಾಗ ನಮ್ಮ ನಮ್ಮ ಕೈಲೇ ಕಲಸಿಕೊಂಡ್ವಿ, ಬೆಳಿ ಛಲೋ ಬಂತು. ಸುಶೀಲಕ್ಕನ ಮನ್ಯಾಗ ಅಷ್ಟ ಆ ರಾಜಿ ತನ್ನ ಕೈಲೇ ಕಲಸ್ಯಾಳ. ಅದ ಹೊಲ ಹಳದಿ ಆತು. ಇನ್ನೇನ ಬಿಡಿಸಿ ಹೇಳಬೇಕು? ಕೈಗುಣ."

ಬಿತ್ತನೆಯ ವಿಷಯದಲ್ಲಿ ಕೈಗುಣ ಎಂದರೆ ಆ ಕಡೆ ಆಟದ ಮಾತಲ್ಲ. ಒಳ್ಳೆಯ ಕೈಗುಣದ ಹೆಂಗಸು ಕೂರಿಗಿಗೆ ಬೀಜ ಬಿಡಲಿ ಎಂದು ಆ ಓಣಿಯಿಂದ ಈ ಓಣಿಗೆ ಹೇಳಿ ಕಳಿಸಿ ಕಾಯುತ್ತಾರೆ. ಕೆಟ್ಟದ್ದು ಎಂದು ಒಮ್ಮೆ ಹೆಸರು ಬಿತ್ತೋ, ಸತ್ತರೂ ಹೋಗುವುದಿಲ್ಲ. ಬರುವ ಸೋಮವಾರದ ಸಭೆಯಲ್ಲಿ ಬೇರೆಯವರನ್ನು ಸಖಿ ಮಾಡುವ ಮಾತು ತೆಗೆಯುತ್ತೇನೆ ಎಂದು ನಂದಾ ಹೇಳಿಕೊಂಡು ತಿರುಗುತ್ತಿದ್ದಳು. ಸಾಕ್ಷಿ ಬೇಕಾದರೆ ಹೊಲವೇ ಇತ್ತಲ್ಲ, ರಸ್ತೆಯ ಬಾಜೂಕ.

ಬಿತ್ತನೆಯ ಹಿಂದಿನ ದಿನ ಏನಾಯಿತು ಎಂಬುದು ತನಗೆ ಒಬ್ಬಳಿಗೇ ಗೊತ್ತು ಎಂದು ಸುಶೀಲವ್ವ ತಿಳಿದಿದ್ದಳು.

ಅವತ್ತು ಸೋಮವಾರ. ಪೂಜೆಯ ಗದ್ದಲದಲ್ಲಿ ಸುಶೀಲವ್ವ ಶಾಲೆಯ ಅಂಗಳಕ್ಕೆ ಹೋಗಿರಲಿಲ್ಲ. ಹಿರಿಯಳು, ಬಿಟ್ಟುಹೋಗಬಾರದು ಎಂದು ರಾಜೇಶ್ವರಿ ಸಂಜೆ ತಾನೇ ಮನೆಗೆ ಬಂದಳು. ತನ್ನ ಮನೆಯಿಂದಲೇ ಪ್ಲಾಸ್ಟಿಕ್ ಬಕೆಟ್ ತಂದಿದ್ದಳು. ಹೊರಗಿನ ಕಟ್ಟೆಯ ಮೇಲೆ ಕೂತು, ಕುದಿಸಿ ಆರಿಸಿದ ಬೆಲ್ಲದ ನೀರಿಗೆ ಪಾಕೀಟು ಸುರುವಿ ಮೊಳಕೈತನಕ ಕೈ ಅದ್ದಿ ಕಲಸಿದಳು. "ಇದರ ಮ್ಯಾಲ ಹಸಿ ಅರಿವಿ ಹಾಕಿ ತಂಪನ್ಯಾಗ ಇಡ್ರಿ ಅವ್ವಾರ. ನಸಕಿನ್ಯಾಗ ಬೀಜಕ್ಕ ಸವರಿ, ನೆರಳಾಗ ಆರಿಸಿ ಬಿತ್ತಬೇಕು" ಎಂದು ಹೇಳಿ, ಕಟ್ಟೆಯ ಮೇಲೇ ಚಹಾ ಕುಡಿದು ಹೋದಳು.

ಸುಶೀಲವ್ವ ಕೆಟ್ಟವಳಲ್ಲ, ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ರಾಜೇಶ್ವರಿಯ ತಾಯಿ ರೇಣುಕವ್ವ ಹಾಸಿಗೆ ಹಿಡಿದಾಗ ಹಾಲು ಕಳಿಸಿದವಳು ಅವಳೇ. ಮನೆಗೆ ಬಂದವರನ್ನು ಚಹಾ ಕೊಡದೆ ಕಳಿಸಿದ್ದಿಲ್ಲ. ಆದರೆ ಕೆಳಗಿನ ಓಣಿಯವರು ಚಹಾ ಕುಡಿಯುವುದು ಕಟ್ಟೆಯ ಮೇಲೆ ಎಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡಿದ್ದಿಲ್ಲ. ಹಾಗೆಯೇ ನಡೆದುಕೊಂಡು ಬಂದಿತ್ತು, ಯಾರಿಗೂ ಏನೂ ಆಗಿಲ್ಲ ಎಂಬ ಹಾಗೆ.

ಆ ಮನೆಯಲ್ಲಿ ಬಿತ್ತುವ ಬೀಜವನ್ನು ಹಿಂದಿನ ರಾತ್ರಿ ದೇವರ ಜಗಲಿಯ ಮುಂದೆ ಇಡುವುದು ವಾಡಿಕೆ. ಬೀಜದ ಚೀಲ ಇಟ್ಟಾಯಿತು. ಅದಕ್ಕೆ ಸವರುವ ನೀರನ್ನೂ ಇಡಬೇಕಲ್ಲ? ಸುಶೀಲವ್ವ ಬಕೆಟ್ಟಿಗೆ ಕೈ ಹಾಕಿದಳು, ಹೊಸ್ತಿಲ ತನಕ ತಂದಳು, ಅಲ್ಲೇ ನಿಂತಳು. ಉಡಚಪ್ಪನ ಮನೆಯ ಬಕೆಟ್ಟು. ರಾಜಿ ಕೈ ಅದ್ದಿದ ನೀರು. ಜಗಲಿಯ ಮುಂದೆ ಹೇಗೆ ಇಡುವುದು? ತಾಮ್ರಕ್ಕೆ ಮೈಲಿಗೆ ಅಂಟುವುದಿಲ್ಲ, ತಾಮ್ರಕ್ಕೆ ಬಿದ್ದದ್ದೆಲ್ಲ ಮಡಿಯಾಗುತ್ತದೆ ಎಂದು ಅವಳ ಅತ್ತೆ ಹೇಳುತ್ತಿದ್ದಳು. ಬೆಳಿಗ್ಗೆಯಷ್ಟೇ ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ಸಣ್ಣ ಹಂಡೆ ಥಳಥಳ ಹೊಳೆಯುತ್ತ ಕೂತಿತ್ತು. ಅದರೊಳಗೆ ಅಷ್ಟನ್ನೂ ಸುರುವಿ, ಹಸಿ ಅರಿವೆ ಹೊದಿಸಿ ಜಗಲಿಯ ಮುಂದೆ ಇಟ್ಟಳು. ಬಕೆಟ್ಟನ್ನು ಅಂಗಳದಲ್ಲಿ ಬೋರಲು ಹಾಕಿದಳು. ನಸುಕಿನಲ್ಲಿ ನೋಡಿದಾಗ ನೀರಿನ ಅಂಚು ತುಸು ಹಸಿರಾಗಿತ್ತು. ದೇವರ ಮುಂದೆ ಇದ್ದ ನೀರು, ಹಸಿರಾದರೆ ಒಳ್ಳೆಯದೇ ಎಂದುಕೊಂಡಳು, ಪುಣ್ಯಾತ್ಗಿತ್ತಿ!

ಸಭೆಗೆ ಇನ್ನೂ ಸ್ವಲ್ಪ ದಿನ ಇರುವಾಗ ರಾಜೇಶ್ವರಿ ಹೊಲಕ್ಕೆ ಬಂದಳು. ಸುಶೀಲವ್ವ ಬದುವಿನ ಮೇಲೆ ನಿಂತಿದ್ದಳು. ಹುಡುಗಿ ಮೊದಲು ನಂದಾಳ ಹೊಲಕ್ಕೆ ಇಳಿದು ಒಂದು ಗಿಡವನ್ನು ಮಣ್ಣಿನ ಸಮೇತ ಎಬ್ಬಿಸಿ, ಬೇರನ್ನು ಕಾಲುವೆಯಲ್ಲಿ ತೊಳೆದಳು. ಬೇರಿನ ತುಂಬ ಕಡಲೆಕಾಳಿನಂಥ ಗಂಟುಗಳು. ಒಂದನ್ನು ಉಗುರಿನಿಂದ ಸೀಳಿ ತೋರಿಸಿದಳು. ಒಳಗೆ ನಸುಗೆಂಪು.

"ನೋಡ್ರಿ ಅವ್ವಾರ, ನಮ್ಮ ರಗತದಾಗ ಇದ್ದಂಗ ಇದರಾಗೂ ಕಬ್ಬಿಣ ಐತಿ. ಅದಕ್ಕ ಕೆಂಪು. ಕೆಂಪ ಇತ್ತಂದ್ರ ಒಳಗಿನ ಜೀವ ದುಡ್ಯಾಕ ಹತ್ತೇತಿ ಅಂತ ಅರ್ಥ."

ಆಮೇಲೆ ಸುಶೀಲವ್ವನ ಹೊಲದ ಗಿಡ ಕಿತ್ತಳು. ಬೇರು ನೀಟಾಗಿ, ಬೆಳ್ಳಗೆ, ಬೋಳಾಗಿ ಇತ್ತು. ಇನ್ನೊಂದು ಕಿತ್ತಳು. ಅದೂ ಅಷ್ಟೇ. ಹೊಲದ ಆ ಮೂಲೆಗೆ ಹೋಗಿ ಮತ್ತೊಂದು ಕಿತ್ತು ತಂದಳು. ಒಂದು ಗಂಟಿಲ್ಲ. ರಾಜೇಶ್ವರಿ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಆ ಬೇರುಗಳನ್ನೇ ನೋಡಿದಳು.

"ಅವ್ವಾರ, ಬ್ಯಾಸರಾ ಮಾಡ್ಕೋಬ್ಯಾಡ್ರಿ, ಒಂದ ಕೇಳ್ತೀನಿ. ಆ ನೀರಿಗೆ ಏನರೆ ಔಷಧ ಹಾಕಿದ್ರ್ಯಾ?"

"ಇಲ್ಲವಾ."

"ತಾಮ್ರ, ಹಿತ್ತಾಳಿ ಏನರೆ ತಾಗಿತ್ತೇನ್ರಿ?"

ಸುಶೀಲವ್ವ ಸೆರಗು ಸರಿಮಾಡಿಕೊಂಡಳು. "ಯಾಕ? ತಾಮ್ರ ತಾಗಿದ್ರ ಏನಾಕೈತಿ? ತಾಮ್ರದ ಚರಗಿ ನೀರ ನಾವು ದಿನಾ ಕುಡಿತೀವಲ್ಲ?"

"ನಾವು ಇಷ್ಟೊಂದು ದೊಡ್ಡ ಜೀವ ಅದೀವ್ರಿ, ನಮಗ ನಡೀತೈತಿ. ಅವು ಒಂಟಿ ಕೋಶದ ಜೀವ. ಲೋಹ ಅಂದ್ರ ಗಟ್ಟಿ ಚರಗಿ ಅಲ್ರಿ, ಅದು ನೀರಾಗ ಕರಗಿ ಬರ್ತೈತಲ್ಲ, ಅಯಾನು ಅಂತಾರ, ಅದರ ಮಾತು. ಈ ಜೀವಕ್ಕ ಕಬ್ಬಿಣ ಬೇಕು. ಮಾಲಿಬ್ಡಿನಂ ಅಂತ ಇನ್ನೊಂದ ಲೋಹ ಬೇಕು, ಅದು ಇಲ್ಲಂದ್ರ ಗಾಳಿ ಹಿಡಿಯೂ ಯಂತ್ರನ ತಿರಗೂದಿಲ್ಲ. ತಾಮ್ರನೂ ಒಂದೀಟ ಬೇಕ ಖರೇ, ಸಾರಿಗೆ ಉಪ್ಪು ಬೇಕಾದಂಗ. ಜಾಸ್ತಿ ಆತಂದ್ರ ಒಳಗ ಹೊಕ್ಕು ಇದ್ದಬಿದ್ದ ಕೆಲಸಾ ಎಲ್ಲಾ ನಿಲ್ಲಿಸತೈತಿ. ಉಣ್ಣಾಕ ಆಗೂದಿಲ್ಲ, ಉಸರಾಡಾಕ ಆಗೂದಿಲ್ಲ. ಬೆಳಿಗೆ ಬೂಜು ಬಂದಾಗ ಮೈಲುತುತ್ತ ಹೊಡಿತಾರಲ್ರಿ, ಅದೂ ತಾಮ್ರನ. ಬೂಜು ಸಾಯೂದೂ ಹಿಂಗ. ಬೆಲ್ಲದ ನೀರಂತೂ ಹುಳಿ ಬರ್ತೈತಿ, ತಾಮ್ರಾ ಲಗೂನ ಕರಗಿಸ್ತೈತಿ." ಹುಡುಗಿ ತಲೆ ಎತ್ತಿದಳು. "ಅದಕ್ಕ ಕೇಳಿದೆ. ಯಾವುದರಾಗ ಇಟ್ಟಿದ್ರಿ ಅವ್ವಾರ?"

ಕೇಳಿದ್ದು ಸಣ್ಣ ಪ್ರಶ್ನೆ. ಉತ್ತರವೂ ಒಂದೇ ಶಬ್ದದ್ದು. ಆದರೆ ಹಂಡೆ ಎಂದರೆ ಅದರ ಬೆನ್ನಿಗೇ ಯಾಕೆ ಎಂಬುದು ಬರುತ್ತದೆ, ಆ ಯಾಕೆಗೆ ಈ ಹುಡುಗಿಯ ಮುಖ ನೋಡಿಕೊಂಡು ಏನೆನ್ನುವುದು?

"ನಿನ್ನ ಬಕೆಟ್ಟಿನ್ಯಾಗ ಇತ್ತಲ್ಲವಾ. ಹಂಗ ಇಟ್ಟಿದ್ದೆ" ಎಂದಳು ಸುಶೀಲವ್ವ.

ರಾಜೇಶ್ವರಿ ಬೋಳು ಬೇರುಗಳ ಮಣ್ಣು ಕೊಡವಿದಳು. ಆಮೇಲೆ ಬೇರುಗಳನ್ನು ಪಿಶವಿಯೊಳಗೆ ಹಾಕಿಕೊಂಡು ಎದ್ದಳು. "ಹಂಗಾರ ತಪ್ಪು ನಂದ ಇರಬೇಕ್ರಿ. ನಿಮ್ಮ ಪಾಕೀಟು ಗಾಡಿ ಡಿಕ್ಕ್ಯಾಗ ಬಿಸಲಿಗೆ ಕಾದಿತ್ತೋ ಏನೋ. ಸಭಾದಾಗ ಹೇಳಿಬಿಡ್ತೀನಿ. ನಿಮ್ಮ ಬೆಳಿ ಹಾಳ ಮಾಡಿದೆ ಅವ್ವಾರ, ಸಿಟ್ಟ ಇಟ್ಕೋಬ್ಯಾಡ್ರಿ." ಹೀಗೆಂದು ಕೈ ಬೇರೆ ಮುಗಿದಳು.

ಬೈದಿದ್ದರೆ ಸುಶೀಲವ್ವ ತಡೆದುಕೊಳ್ಳುತ್ತಿದ್ದಳು. ಕೈ ಮುಗಿದದ್ದನ್ನು ತಡೆದುಕೊಳ್ಳಲಾಗಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯಲು ಕೂತರೆ ರೊಟ್ಟಿ ಹರಿಯಿತು. ಮತ್ತೊಂದು ಬಡಿದಳು, ಅದೂ ಹರಿಯಿತು. ತಾಟಿನ ಮುಂದೆ ಕೂತಿದ್ದ ಶಂಭುಲಿಂಗಪ್ಪ ಸುಮ್ಮನೆ ನೋಡುತ್ತಿದ್ದ.

"ಆ ನೀರನ್ನ ನಾ ಹಂಡೇದಾಗ ಹಾಕಿಟ್ಟಿದ್ದೆರಿ" ಎಂದಳು ಸುಶೀಲವ್ವ, ತವೆಯ ಕಡೆ ಮುಖ ಮಾಡಿಕೊಂಡೇ.

"ಗೊತ್ತೈತಿ. ಅಂಗಳದಾಗ ಬಕೆಟ್ಟು ಬೋರಲು ಬಿದ್ದಿತ್ತು."

"ಮತ್ತ ಸುಮ್ನ ಯಾಕ ಕುಂತಿದ್ರಿ?"

"ಹೊಲಾ ಯಾಕ ಹಳದಿ ಆತಂತ ನನಗೇನ ಕನಸ ಬಿದ್ದಿತ್ತ?" ಶಂಭುಲಿಂಗಪ್ಪ ಹರಿದ ರೊಟ್ಟಿಯನ್ನೇ ಮುರಿದುಕೊಂಡ. ಹೆಂಡತಿ ಎಲ್ಲ ಹೇಳಿ ಮುಗಿಸುವ ತನಕ ಕೇಳಿ, ಬಾಯಿ ಒರೆಸಿಕೊಂಡು ಎಂದ: "ಇಷ್ಟಕ್ಕ್ಯಾಕ ಜೀವಾ ಹಿಂಡ್ಕೋತಿ? ತಾಮ್ರದಾಗ ಇಟ್ಟಿದ್ದೆ, ಗೊತ್ತಾಗಲಿಲ್ಲ ಅಂತ ಸಭಾದಾಗ ಹೇಳು. ಬೀಜ ಅಂದ್ರ ಲಕ್ಷ್ಮಿ, ಭಕ್ತಿಲೇ ಇಟ್ಟೆ ಅನ್ನು. ಹುಡುಗಿ ಹೆಸರೂ ಉಳೀತೈತಿ, ನಿಂದೂ ಉಳೀತೈತಿ. ಯಾಕ ಇಟ್ಟಿ ಅಂತ ಯಾವಾಕಿ ಕೇಳ್ತಾಳ?"

ಎಷ್ಟು ಸಸಾರದ ದಾರಿ! ಸುಶೀಲವ್ವನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆಮೇಲೆ ಬಡಿದ ರೊಟ್ಟಿ ಹರಿಯಲೂ ಇಲ್ಲ.

ಸೋಮವಾರ ಸಮುದಾಯ ಭವನದಲ್ಲಿ ಸಂಘದ ಹೆಂಗಸರು ಜಮಖಾನೆ ಹಾಸಿಕೊಂಡು ಕೂತಿದ್ದರು. ಮೇಲಿನ ಓಣಿಯವರು ಫ್ಯಾನಿನ ಕೆಳಗೆ, ಕೆಳಗಿನ ಓಣಿಯವರು ಬಾಗಿಲ ಕಡೆ. ಯಾರೂ ಹಾಗೆ ಕೂಡಿ ಎಂದು ಹೇಳಿದ್ದಿಲ್ಲ. ರೇಣುಕವ್ವನೂ ಬಂದಿದ್ದಳು, ಮಗಳ ಹಿಂದೆ ಕೂತಿದ್ದಳು. ನಂದಾ ಗಂಟಲು ಸರಿಮಾಡಿಕೊಂಡು, "ಯಾರ ಮ್ಯಾಲೂ ನಮಗ ದ್ವೇಷ ಇಲ್ಲ, ಆದ್ರ ಹೊಲದಾಗ ಕಂಡದ್ದು ಕಂಡೇತಿ" ಎಂದು ಶುರು ಮಾಡಿದಳು. ಕೈಗುಣದ ಮಾತು ಬಂತು. ಸಖಿಯನ್ನು ಬದಲು ಮಾಡುವ ಮಾತೂ ಬಂತು. ರಾಜೇಶ್ವರಿ ಎದ್ದು ನಿಂತಳು. "ಅವ್ವಾರ ಹೊಲದಾಗ ಆದದ್ದಕ್ಕ ನಾನ..."

"ಕುಂದ್ರವಾ ರಾಜಿ" ಎಂದಳು ಸುಶೀಲವ್ವ. "ಆಕಿದೇನೂ ತಪ್ಪಿಲ್ಲ. ಆಕಿ ಹೋದ ಮ್ಯಾಲ ನಾನ ಅದನ್ನ ತಾಮ್ರದ ಹಂಡೇಕ್ಕ ಸುರುವಿ ಇಟ್ಟಿದ್ದೆ. ತಾಮ್ರದಿಂದ ಆ ಜೀವ ಸಾಯ್ತಾವಂತ. ನನಗ ಗೊತ್ತಿರಲಿಲ್ಲ."

ಭವನದ ತುಂಬ ಗುಜುಗುಜು ಎದ್ದಿತು. ನಂದಾ ಹಣೆ ಬಡಿದುಕೊಂಡು ನಕ್ಕಳು. "ಅಯ್ಯ, ಇಷ್ಟ! ಸುಶೀಲಕ್ಕನ ಭಕ್ತಿ ನಮಗ ಗೊತ್ತಿಲ್ಲೇನು? ಬೀಜ ಅಂದ್ರ ಲಕ್ಷ್ಮಿ. ಪ್ಲಾಸ್ಟಿಕಿನ್ಯಾಗ ಇಡಬಾರದಂತ ತಾಮ್ರದಾಗ ಇಟ್ಟಾಳ ದೊಡ್ಡಾಕಿ. ಇದರಾಗ ತಪ್ಪೇನ ಬಂತು!" ಸುತ್ತಲಿದ್ದವರೂ ಹೌದು ಹೌದು ಎಂದು ತಲೆಯಾಡಿಸಿದರು. ಗಂಡ ಹೇಳಿದ ಹಾಗೆಯೇ ಆಯಿತು. ಭಕ್ತಿ ಎಂಬ ಶಬ್ದವನ್ನು ಅವಳು ಬಾಯಿ ಬಿಟ್ಟು ಹೇಳುವುದೂ ಬೇಕಾಗಲಿಲ್ಲ, ಊರೇ ಹೇಳಿತು.

ರಾಜೇಶ್ವರಿ ಮಾತ್ರ ಕೂತಿರಲಿಲ್ಲ. ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯದೆ ಕೇಳುವವರ ಹಾಗೆ ಕೇಳಿದಳು. "ಹೊಲದಾಗ ನಾ ಕೇಳಿದ್ನಲ್ರಿ ಅವ್ವಾರ. ತಾಮ್ರ ತಾಗಿತ್ತೇನು ಅಂತ. ಅವತ್ತ ಯಾಕ ಹೇಳಲಿಲ್ರಿ?"

ಭಕ್ತಿಯಿಂದ ಮಾಡಿದ್ದನ್ನು ಯಾರಾದರೂ ಮುಚ್ಚಿಡುತ್ತಾರೆಯೇ? ಸುಶೀಲವ್ವನಿಗೆ ಅದು ಆ ಕ್ಷಣಕ್ಕೆ ಹೊಳೆಯಿತು. ಹುಡುಗಿಗೂ ಹೊಳೆದಿರಬೇಕು. ಇನ್ನೊಂದು ಸುಳ್ಳು ನಾಲಗೆಯ ತುದಿಗೆ ಬಂದು ಕೂತಿತ್ತು: ಮರೆತಿದ್ದೆ, ವಯಸ್ಸಾಯಿತು, ನೆನಪು ಉಳಿಯುವುದಿಲ್ಲ. ನಂದಾ ಅದನ್ನೂ ಸಂತೋಷದಿಂದ ಎತ್ತಿ ಹಿಡಿಯುತ್ತಿದ್ದಳು. ಆದರೆ ಮುಂದೆ ನಿಂತ ಹುಡುಗಿ ತಾನು ಮಾಡದ ತಪ್ಪಿಗೆ ಬದುವಿನ ಮೇಲೆ ಕೈ ಮುಗಿದಿದ್ದಳು. ಸುಶೀಲವ್ವನಿಗೆ ಎಲ್ಲಿಲ್ಲದ ನಾಚಿಕೆಯಾಯಿತು.

"ಯಾಕಂದ್ರ ಖರೇ ಕಾರಣ ಹೇಳಬೇಕಾಗ್ತಿತ್ತು" ಎಂದಳು. "ಬಕೆಟ್ಟು ನಿಮ್ಮ ಮನೀದು. ನೀರು ನಿನ್ನ ಕೈ ಅದ್ದಿದ್ದು. ಜಗಲಿ ಮುಂದ ಇಡಾಕ ನನ್ನ ಮನಸ ಒಪ್ಪಲಿಲ್ಲ. ತಾಮ್ರಕ್ಕ ಸುರುವಿದ್ರ ಮೈಲಿಗಿ ಹೋಗ್ತೈತಿ ಅಂತ ಸುರುವಿದೆ. ಭಕ್ತೀನೂ ಇಲ್ಲ, ಏನೂ ಇಲ್ಲ."

ಬಾಗಿಲ ಕಡೆ ಕೂತಿದ್ದ ರೇಣುಕವ್ವ ತಲೆ ಬಗ್ಗಿಸಿ ಜಮಖಾನೆಯ ಪಟ್ಟಿಯ ಮೇಲೆ ಬೆರಳಾಡಿಸುತ್ತ ಕೂತಳು. ಆ ಓಣಿಯ ಯಾರಿಗೂ ಇದು ಹೊಸ ಸುದ್ದಿಯಾಗಿರಲಿಲ್ಲ. ಬಾಯಿಬಿಟ್ಟು ಹೇಳಿದ್ದು ಮಾತ್ರ ಹೊಸದು.

ನಂದಾ ಸುಧಾರಿಸಿಕೊಂಡಳು. "ಹೋಗ್ಲಿ ಬಿಡಕ್ಕಾ. ಹಿರೇರು ಅಂದ ಮ್ಯಾಲ ಹಳೇ ರೂಢಿ..."

"ನಂದಕ್ಕಾ," ರಾಜೇಶ್ವರಿ ನಡುವೆಯೇ ತಡೆದಳು, "ನನ್ನ ಕೈಗುಣದ ಮಾತ ಏನಾತ್ರಿ?"

"ಏ, ಅದನ್ನೆಲ್ಲಾ ಯಾಕ ಹಿಡಕೊಂಡ ಕುಂದರ್ತಿ? ನೀನ ಸಖಿ, ನೀನ ಇರು. ಯಾರ ಬ್ಯಾಡಂದ್ರು?" ನಂದಾ ಸೆರಗಿನಿಂದ ಮುಖ ಒರೆಸಿಕೊಂಡಳು. ವಾರವಿಡೀ ಬ್ಯಾಡಂದವಳು ಅವಳೇ ಎಂದು ಯಾರೋ ಹಿಂದಿನಿಂದ ಅಂದರು, ಅವಳು ಕೇಳಿಸಿಕೊಂಡಿಲ್ಲದಂತೆ ಇದ್ದಳು.

ರಾಜೇಶ್ವರಿ ಪಿಶವಿಯಿಂದ ಬೇರುಗಳನ್ನು ತೆಗೆದು ಜಮಖಾನೆಯ ಮೇಲೆ ಸಾಲಾಗಿ ಇಟ್ಟಳು. ಗಂಟು ಇದ್ದದ್ದು ಒಂದು ಕಡೆ, ಇಲ್ಲದ್ದು ಒಂದು ಕಡೆ. ಹೆಂಗಸರು ಮುಂದೆ ಸರಿದು ಬಗ್ಗಿ ನೋಡಿದರು. "ಅವ್ವಾರ ಹೊಲಕ್ಕ ಈ ವರ್ಷ ಗಂಟು ಬರೂದಿಲ್ಲ. ಮಳಿ ಹದಾ ನೋಡಿ ಯೂರಿಯಾ ಕೊಡ್ರಿ, ಹಸರ ಆಗ್ತೈತಿ, ಕಾಳೂ ಹಿಡೀತೈತಿ. ಹೊಲಾ ಕೈ ಬಿಡೂದೇನ ಬ್ಯಾಡ" ಎಂದಳು.

ಸುಶೀಲವ್ವ ಗೋಡೆ ಹಿಡಿದು ಎದ್ದು, ಬಾಗಿಲ ಕಡೆಯ ತನಕ ಬಂದಳು. "ರಾಜಿ, ಬರೂ ವರ್ಷ ಬಾ ಯವ್ವಾ. ಕಟ್ಟಿ ಮ್ಯಾಲ ಬ್ಯಾಡ, ಒಳಗ ಬಾ. ಅಡಗಿ ಮನ್ಯಾಗ ಕುಂತು ನೀನ ಕಲಸಿ ಕೊಡು."

ರಾಜೇಶ್ವರಿ ಅವಳನ್ನು ನೋಡಿದಳು. ಮುಖದಲ್ಲಿ ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಯೂರಿಯಾದ ಬಗ್ಗೆ ಹೇಳಿದ್ದಳಲ್ಲ, ಅದೇ ದನಿಯಲ್ಲಿ ಹೇಳಿದಳು.

"ಕಲಸೂದ ಹೆಂಗಂತ ನಿಮಗ ಕಲಿಸಿ ಕೊಡ್ತೀನ್ರಿ ಅವ್ವಾರ. ಅಗದಿ ಸಸಾರ ಐತಿ. ನಿಮ್ಮ ಕೈಲೇ ಕಲಸ್ಕೊರಿ."

ಸುಶೀಲವ್ವ ಹೂಂ ಎಂದಳು. ತಿರುಗಿ ಫ್ಯಾನಿನ ಕೆಳಗೆ ಹೋಗಲಿಲ್ಲ. ಅಲ್ಲೇ ಬಾಗಿಲ ಹತ್ತಿರ, ರೇಣುಕವ್ವನಿಂದ ಸ್ವಲ್ಪ ದೂರ, ಗೋಡೆಗೆ ಆತು ಕೂತಳು. ರೇಣುಕವ್ವ ಅತ್ತ ಸರಿಯಲಿಲ್ಲ, ಇತ್ತಲೂ ಸರಿಯಲಿಲ್ಲ. ರಾಜೇಶ್ವರಿ ಮುಂದಿನ ಮಾತಿಗೆ ಹೋದಳು, ಬೆಳೆಗೆ ಕೀಡೆ ಬಿದ್ದರೆ ಏನು ಮಾಡಬೇಕು ಎಂಬುದಕ್ಕೆ.